ಸಾಹೇಬರ ವಿಮಾನಕ್ಕೆ ಸಿನಿಮಾ

ರೇಷ್ಮೆ ಸಂಘದ ಮ್ಯಾನೇಜರ್ ಭುಜಂಗರಾಯರು ಅಧ್ಯಕ್ಷರ ಜೊತೆ ದೆಹಲಿಗೆ ವಿಮಾನ ಹತ್ತುವವರಿದ್ದರು. ಗುಮಾಸ್ತೆ ಸುಗುಣಮ್ಮನ ಕೈಗೆ ಇನ್ನೂರು ರೂಪಾಯಿ ಇಟ್ಟು, "ದಾರಿಯುದ್ದಕ್ಕೂ ಸಿನಿಮಾ ನೋಡುವಂಥದ್ದೇನಾದರೂ ತನ್ನಿ. ಪರದೆ ದೊಡ್ಡದಿರಲಿ. ತರದಿದ್ದರೆ ನಿಮ್ಮ ಮಗಳ ಸೀಮಂತಕ್ಕೆ ರಜೆ ಇಲ್ಲ," ಎಂದರು.

ಇನ್ನೂರಕ್ಕೆ ಪರದೆಯ ಮೇಲಿನ ಧೂಳೂ ಬರುವುದಿಲ್ಲವೆಂದು ಸುಗುಣಮ್ಮನಿಗೆ ಗೊತ್ತಿತ್ತು. ಆದರೂ ಪೇಟೆಗೆ ಹೋಗಿ ಬಂದು, ಒಂದು ಇಯರ್‌ಫೋನನ್ನೂ ಎರಡು ಕವಲಿನ ಗೇಣುದ್ದದ ತಂತಿಯನ್ನೂ ಮೇಜಿನ ಮೇಲಿಟ್ಟರು.

"ಪರದೆ ಎಲ್ಲಿದೆ?"

"ಪಕ್ಕದ ಸೀಟಿನಲ್ಲಿರುತ್ತೆ ಸಾರ್. ಅಧ್ಯಕ್ಷರ ಹತ್ತಿರ ಅಗಲವಾದ ಟ್ಯಾಬ್ ಇದೆ. ಒಬ್ಬರೇ ನೋಡೋಕೆ ಬೇಜಾರು ಅಂತ ಅವರೇ ಹೇಳ್ತಿದ್ದರು. ಅದಕ್ಕೆ ಈ ತಂತಿ ಚುಚ್ಚಿದರೆ ಎರಡು ಇಯರ್‌ಫೋನ್ ಹಾಕಬಹುದು, ಇಬ್ಬರಿಗೂ ಕೇಳುತ್ತೆ."

"ನಾನು ಅವರದ್ದಕ್ಕೆ ಇಣುಕಬೇಕೇ?" ರಾಯರ ಮುಖ ಕೆಂಪಾಯಿತು. ಆದರೂ ಬೇರೆ ದಾರಿಯಿಲ್ಲದೆ ತಂತಿಯನ್ನು ಜೇಬಿಗಿಳಿಸಿದರು.

ಊರಿಗೆ ಹಿಂದಿರುಗಿದ ಮೇಲೆ ರಾಯರು ತಾವೇ ಸುಗುಣಮ್ಮನ ಮೇಜಿನ ಬಳಿ ಬಂದರು.

"ಬರುವಾಗಲೂ ಅಧ್ಯಕ್ಷರು ನನ್ನನ್ನೇ ಪಕ್ಕಕ್ಕೆ ಕರೆದರು. ರಜೆ ತಗೊಳ್ಳಿ. ಆದರೆ ಸಿನಿಮಾದಲ್ಲಿ ತಾಯಿ ಸತ್ತಾಗ ಅವರು ಅತ್ತು, ನನ್ನ ಕರವಸ್ತ್ರ ಕಿತ್ತುಕೊಂಡರು. ನಾನು ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡೆ."

"ಮುಂದಿನ ಸಲ ಕರವಸ್ತ್ರವನ್ನೂ ಜೋಡಿ ತರ್ತೀನಿ ಸಾರ್," ಎಂದು ಸುಗುಣಮ್ಮ ರಜೆಯ ಅರ್ಜಿಯನ್ನು ಮುಂದಿಟ್ಟರು.