ಕಿರ್ರೆಂದ ಒಂಟಿ ತೋಳು

ಹಯಾತ್ ಮೇಸ್ತ್ರಿಯ ಗ್ಯಾರೇಜಿನಲ್ಲಿ ಎರಡು ಬೈಕುಗಳು ಅಕ್ಕಪಕ್ಕ ನಿಂತಿದ್ದವು. ಒಂದು ರೇಸಿನ ಬೈಕು. ಅದರ ಹಿಂದಿನ ಚಕ್ರವನ್ನು ಒಂದೇ ಪಕ್ಕದಿಂದ ಲೋಹದ ಒಂದು ದಪ್ಪ ತೋಳು ಹಿಡಿದಿತ್ತು. ಇನ್ನೊಂದು ನಿತ್ಯದ ಓಡಾಟದ ಬೈಕು. ಅದರ ಚಕ್ರಕ್ಕೆ ಎಡಕ್ಕೊಂದು, ಬಲಕ್ಕೊಂದು ತೋಳು.

ಮೇಸ್ತ್ರಿ ರೇಸಿನ ಬೈಕಿನ ಸೀಟು ಅದುಮಿದಾಗ ಒಂಟಿ ತೋಳು ಕಿರ್ರೆಂದಿತು. ಆತ ಕೂಡಲೇ ಚಕ್ರ ಕಳಚಿ ಬೇರಿಂಗು ಬಿಚ್ಚಲು ಕೂತ.

ಜೋಡಿ ತೋಳುಗಳು ನಕ್ಕವು. "ಇಷ್ಟಕ್ಕೇ ನರಳುವುದೇ? ಇಷ್ಟು ವರ್ಷದಲ್ಲಿ ನಾವು ಒಮ್ಮೆಯೂ ತುಟಿ ಬಿಚ್ಚಿಲ್ಲ."

"ನನ್ನ ಪಕ್ಕದಲ್ಲಿ ಇನ್ನೊಬ್ಬನಿಲ್ಲ," ಎಂದಿತು ಒಂಟಿ ತೋಳು. "ನಾನು ಸುಮ್ಮನಿದ್ದರೆ ಚಕ್ರವೇ ಹೋಗುತ್ತದೆ. ನಿಮಗೆ ನೋವೇ ಇಲ್ಲವೇ?"

"ನನಗೆ ಬೆಸುಗೆಯ ಹತ್ತಿರ ಬಿರುಕಿದೆ," ಎಂದಿತು ಎಡತೋಳು. "ಆದರೇನು? ಬಲಗಡೆಯವನು ಗಟ್ಟಿ. ಅವನು ಹೊರುತ್ತಾನೆ."

ಬಲತೋಳು ಬೆಚ್ಚಿತು. "ಬಿರುಕು ನನಗೂ ಇದೆಯಲ್ಲ! ನೀನು ಹೊರುತ್ತಿದ್ದೀಯೆಂದೇ ನಾನು ಸುಮ್ಮನಿದ್ದೆ."

"ಹಾಗಾದರೆ ಈಗಲೇ ಕೂಗಿ. ಮೇಸ್ತ್ರಿ ಇಲ್ಲೇ ಇದ್ದಾನೆ," ಎಂದಿತು ಒಂಟಿ ತೋಳು.

ಅಷ್ಟರಲ್ಲಿ ಜೋಡಿ ತೋಳಿನ ಬೈಕಿನ ಒಡೆಯ ಶಾಂತವೀರ ಮಗಳ ಕೈ ಹಿಡಿದು ಬಂದ. "ನನ್ನ ಗಾಡಿ ಆಯ್ತಾ, ಮೇಸ್ತ್ರಿ?"

"ಆಯ್ತು ಸಾರ್. ಆಯಿಲ್ ಬದಲಾಯಿಸಿದೀನಿ. ಒಂದು ಸದ್ದಿಲ್ಲ, ಬಂಗಾರದಂಥ ಗಾಡಿ."

ಶಾಂತವೀರ ಮಗಳನ್ನು ಹಿಂದೆ ಕೂರಿಸಿಕೊಂಡ. "ಗಟ್ಟಿಯಾಗಿ ಹಿಡ್ಕೋ, ಪುಟ್ಟಿ" ಎಂದು ಕಿಕ್ ಹೊಡೆದ.

ಬಲತೋಳು ಕೂಗಲೆಂದು ಎಡತೋಳು ಕಾಯಿತು. ಎಡತೋಳು ಕೂಗಲೆಂದು ಬಲತೋಳು ಕಾಯಿತು. ಎರಡೂ ಕಾಯುತ್ತಿರುವಾಗಲೇ ಬೈಕು ಘಾಟಿಯ ಇಳಿಜಾರಿಗೆ ತಿರುಗಿತು.