ಮೂರನೆಯ ಗೇರ್‌ಬಾಕ್ಸ್

“ಮೂರನೆಯ ಸೊಸೆಯನ್ನು ತರಬಹುದೇ ಎಂದು ಕೇಳಲು ಬಂದರೆ, ಮತ್ತೆ ನನ್ನ ಮಾತನ್ನು ನಡುವೆಯೇ ತುಂಡು ಮಾಡಿದಿರಲ್ಲ, ಬುದ್ಧಿ. ನನ್ನದು ಮುಗಿಯಲಿ, ಆಮೇಲೆ ನೀವು ಕೇಳಿ.”

ಹೀಗೆಂದ ಮೇಲೆ ಸರ್ವಮಂಗಳಮ್ಮ ನಾಲಿಗೆ ಕಚ್ಚಿಕೊಂಡಳು. ಗುರುಗಳ ಮುಂದೆ ಆಡುವ ಮಾತಲ್ಲ ಅದು. ಆದರೆ ಅವಳ ಸಿಟ್ಟಿಗೂ ಕಾರಣವಿತ್ತು. ಪಾದ ಮುಟ್ಟಿ ಕುಳಿತು ಬಾಯಿ ತೆರೆಯುವಷ್ಟರಲ್ಲಿ ಗುರುಗಳು ಅವಳ ಕೈಗೆ ಒಂದಿಷ್ಟು ಕಲ್ಲುಸಕ್ಕರೆ ಹಾಕಿ, ಬೆಳಗ್ಗೆ ಮಠದಲ್ಲಿ ಒಂದು ಮಗುವಿಗೆ ಹೆಸರಿಟ್ಟೆವು, ಬಾಯಿ ಸಿಹಿ ಮಾಡಿಕೊಳ್ಳಿ ಎಂದಿದ್ದರು. ಅವಳು ತಿನ್ನಲಿಲ್ಲ. ಮೊಮ್ಮಗುವಿಗಾಗಿ ಕಾದು ಕಹಿಯಾದ ಬಾಯಿಗೆ ಕಂಡವರ ಮಗುವಿನ ಸಕ್ಕರೆ ರುಚಿಸುವುದಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡು ಮಾತು ತೆಗೆದಳು. ಮೊದಲನೆಯ ಸೊಸೆಯ ವಿಷಯ ಎತ್ತುತ್ತಲೇ ಗುರುಗಳು, ದಾಕ್ಷಾಯಣಿಯೇ ಎಂದರು. ಆ ಹೆಸರು ಅವಳ ಮನೆಯಲ್ಲಿ ಯಾರ ಬಾಯಿಂದಲೂ ಬರದೆ ಕಾಲವಾಗಿತ್ತು. ಸಾವರಿಸಿಕೊಂಡು ಎರಡನೆಯವಳ ವಿಷಯಕ್ಕೆ ಬಂದರೆ, ಮಗನನ್ನು ವೈದ್ಯರಿಗೆ ತೋರಿಸಿದಿರಾ ಎಂದು ಕೇಳಿದರು. ಅದಕ್ಕೇ ಅವಳು ಹಾಗೆಂದದ್ದು.

ಗುರುಗಳು ನಗಲಿಲ್ಲ, ಮುನಿಯಲೂ ಇಲ್ಲ. ಸರಿ ತಾಯಿ, ಮುಗಿಸಿ ಎಂದರು.

ಸರ್ವಮಂಗಳಮ್ಮ ಮುಗಿಸಿದಳು. ಅವರದು ಅಕ್ಕಿ ಗಿರಣಿಯ ಮನೆ. ಇರುವವನು ಒಬ್ಬನೇ ಮಗ. ಮೊದಲನೆಯವಳಿಗೆ ಹರಕೆ ಹೊರಿಸಿದ್ದಾಯಿತು, ನಾಟಿ ಮದ್ದು ಕುಡಿಸಿದ್ದಾಯಿತು, ಹೊಟ್ಟೆ ಕೊಯ್ಯಿಸಿ ನೋಡಿದ್ದೂ ಆಯಿತು. ಅಟ್ಟದ ಮೇಲಿನ ತೊಟ್ಟಿಲು ಕೆಳಗಿಳಿಯಲಿಲ್ಲ. ಬಿಡುಗಡೆ ಪತ್ರ ಬರೆಸಿ ತವರಿಗೆ ಕಳಿಸಿದರು. ಎರಡನೆಯವಳನ್ನು ತರುವಾಗ ಹುಡುಗಿಯ ಮುಖಕ್ಕಿಂತ ಮೊದಲು ಅವಳ ತಾಯಿಯ ಮಡಿಲು ನೋಡಿದರು. ಆರು ಹೆತ್ತವಳು, ಆರೂ ಬದುಕಿವೆ. ಅಂಥ ಮನೆಯಿಂದ ತಂದದ್ದೂ ಹಾಗೇ ಆಯಿತು. ಅದು ಸಾಲದು ಎಂಬಂತೆ ಅವಳು ಒಂದು ದಿನ ಊಟಕ್ಕೆ ಬಡಿಸುತ್ತ, ಈ ಸಲ ಆಸ್ಪತ್ರೆಗೆ ಇಬ್ಬರೂ ಹೋಗಿ ಬರುತ್ತೇವೆ ಅತ್ತೆ ಎಂದುಬಿಟ್ಟಳು. ನಮ್ಮ ವಂಶದ ಗಂಡಸರು ಅಂಥ ಪರೀಕ್ಷೆಗೆ ಹೋದವರಲ್ಲ ಎಂದು ಸರ್ವಮಂಗಳಮ್ಮ ಅಲ್ಲಿಗೇ ಅವಳ ಬಾಯಿ ಮುಚ್ಚಿಸಿದಳು. ಆಷಾಢಕ್ಕೆ ತವರಿಗೆ ಕಳಿಸಿದವಳನ್ನು ಶ್ರಾವಣ ಬಂದರೂ ಕರೆಸಿಕೊಳ್ಳಲಿಲ್ಲ.

ಈಗ ದೂರದ ಊರಿನಲ್ಲಿ ಒಂದು ಹುಡುಗಿ ಗೊತ್ತಾಗಿದೆ. ತಾಯಿಯಿಲ್ಲದವಳು, ಎದುರಾಡುವವಳಲ್ಲ. ತಂದೆ ಇದೇ ಮಠದ ಭಕ್ತ. ಗುರುಗಳು ಒಳ್ಳೆಯ ಮಾತು ಹೇಳಿ ಕಳಿಸಿದರೆ, ಎರಡನೆಯವಳ ಬಿಡುಗಡೆಯಾದ ಮರುದಿನವೇ ಮಗಳನ್ನು ಧಾರೆಯೆರೆದು ಕೊಡುತ್ತೇನೆ ಎಂದಿದ್ದಾನೆ. ಆ ಒಂದು ಮಾತಿಗಾಗಿ ಅವಳು ಬಂದಿದ್ದಳು.

“ನನ್ನ ಮಗನಿಗೇನಾಗಿದೆ ಬುದ್ಧಿ? ಇವತ್ತಿಗೂ ಅಕ್ಕಿ ಮೂಟೆಯನ್ನು ಒಬ್ಬನೇ ಎತ್ತಿ ಲಾರಿಗೆ ಹಾಕುತ್ತಾನೆ. ಒಂದು ದಿನ ನೆಗಡಿ ಎಂದು ಮಲಗಿದವನಲ್ಲ.”

ಮಠದ ಹೊರಗೆ ಕಾರಿನ ಹಾರನ್ನು ಕೇಳಿಸಿತು. ಮಗ ಒಳಗೆ ಬಂದಿರಲಿಲ್ಲ. ಕಾರಿನಲ್ಲೇ ಕುಳಿತು ತಾಯಿಗೆ ಹೊತ್ತಾಯಿತೆಂದು ಸೂಚಿಸುತ್ತಿದ್ದ.

ಗುರುಗಳು ಒಮ್ಮೆ ಬಾಗಿಲ ಕಡೆ ನೋಡಿದರು. ಒಂದು ಕತೆ ಹೇಳುತ್ತೇನೆ ತಾಯಿ, ನಡುವೆ ಬಾಯಿ ಹಾಕುವ ಸರದಿ ಈಗ ನಿಮ್ಮದು ಎಂದು ಶುರು ಮಾಡಿದರು.

ಒಬ್ಬ ವರ್ತಕನಿದ್ದ. ಅವನಲ್ಲಿ ತಂದೆ ಬಿಟ್ಟುಹೋದ ಹಳೆಯ ಕಾರೊಂದಿತ್ತು. ಗೇರನ್ನು ತಾನೇ ಬದಲಾಯಿಸಿಕೊಳ್ಳುವ ಕಾರು. ಅದಕ್ಕೆ ಕ್ಲಚ್ಚಿಲ್ಲ, ಹಿಡಿಕೆಯನ್ನು ಒಮ್ಮೆ ‘ಡಿ’ಗೆ ಎಳೆದರೆ ಆಯಿತು, ಮಿಕ್ಕದ್ದನ್ನು ಒಳಗಿರುವ ಗೇರ್‌ಬಾಕ್ಸೇ ನೋಡಿಕೊಳ್ಳುತ್ತಿತ್ತು. ಕಾರಿನ ಮೂತಿಯಲ್ಲಿ, ಇಂಜಿನ್ನನ್ನು ನೀರಿನಿಂದ ತಣ್ಣಗಿಡುವ ಹಿತ್ತಾಳೆಯ ರೇಡಿಯೇಟರ್ ಇತ್ತು. ತಂದೆ ಮುಂದೆ ನಿಂತು ಹಾಕಿಸಿದ್ದು. ವರ್ತಕ ದಿನವೂ ಅದನ್ನು ಉಜ್ಜಿ, ವಿಭೂತಿ ಹಚ್ಚಿ, ಹೂವಿಟ್ಟ ಮೇಲೆಯೇ ಅಂಗಡಿಗೆ ಹೊರಡುತ್ತಿದ್ದ.

ಒಂದು ವರ್ಷ ಆಯುಧಪೂಜೆ ಕಳೆದ ಮೇಲೆ ಕಾರು ಹಟ ಮಾಡತೊಡಗಿತು. ‘ಡಿ’ಗೆ ಹಾಕಿದರೆ ಕಿವುಡರ ಹಾಗೆ ಸುಮ್ಮನೆ ನಿಂತಿರುತ್ತಿತ್ತು. ಆಮೇಲೆ ಬೆನ್ನಿಗೆ ಯಾರೋ ಗುದ್ದಿದಂತೆ ಜಗ್ಗಿ ಹೊರಡುತ್ತಿತ್ತು. ಏರಿನಲ್ಲಿ ಇಂಜಿನ್ನು ಕೂಗಿಕೊಳ್ಳುತ್ತಿತ್ತು, ಕಾರು ಮಾತ್ರ ಮೇಲಕ್ಕೆ ಹೋಗುತ್ತಿರಲಿಲ್ಲ.

ವರ್ತಕ ಅದನ್ನು ಗ್ಯಾರೇಜಿಗೆ ಒಯ್ದ. ಮೇಸ್ತ್ರಿ ಕಾರನ್ನು ಸಮನೆಲದಲ್ಲಿ ನಿಲ್ಲಿಸಿದ. ಇಂಜಿನ್ನು ಬಿಸಿಯಾಗುವವರೆಗೆ ಕಾದ. ಅದು ಓಡುತ್ತಿರುವಾಗಲೇ ಗೇರ್‌ಬಾಕ್ಸಿನ ಎಣ್ಣೆ ನೋಡುವ ಕಡ್ಡಿಯನ್ನು ಎಳೆದ. ಎಣ್ಣೆ ಕಡಿಮೆಯಾದರೆ ಕಾರು ಹೀಗೆ ಮಾಡುತ್ತದೆ, ಎಣ್ಣೆ ಸುಟ್ಟರೂ ಹೀಗೆ ಮಾಡುತ್ತದೆ. ಇಲ್ಲಿ ಎಣ್ಣೆ ಕಡಿಮೆಯಾಗಿರಲಿಲ್ಲ. ಗುರುತು ದಾಟಿ ಮೇಲೆ ಬಂದಿತ್ತು. ಸುಟ್ಟ ವಾಸನೆಯೂ ಇರಲಿಲ್ಲ. ಕೆಂಪಗೆ, ತಿಳಿಯಾಗಿ ಇರಬೇಕಾದ ಎಣ್ಣೆ ಹಾಲಿಗೆ ಕುಂಕುಮ ಕದಡಿದ ಹಾಗಿತ್ತು.

ಮೇಸ್ತ್ರಿ ಹೇಳಿದ, ಒಳಗೆ ನೀರು ಸೇರಿದೆ. ನೀರು ಕುಡಿದು ಗೇರ್‌ಬಾಕ್ಸಿನ ಪ್ಲೇಟುಗಳು ಉಬ್ಬಿ ಹಿಡಿತ ಬಿಟ್ಟಿವೆ. ಅದು ಕೆಟ್ಟಿರುವುದು ನಿಜ, ಆದರೆ ತಾನಾಗಿ ಕೆಟ್ಟದ್ದಲ್ಲ. ನೀರು ಎಲ್ಲಿಂದ ಬಂತೆಂದು ನೋಡಬೇಕು. ಮೊದಲು ಈ ರೇಡಿಯೇಟರನ್ನು ಬಿಚ್ಚಿ...

ವರ್ತಕ ಅವನ ಮಾತನ್ನು ಅಲ್ಲಿಗೇ ನಿಲ್ಲಿಸಿದ. ನೀರು ಎಲ್ಲಿಂದ ಬಂತೆಂದು ನನಗೆ ಗೊತ್ತು ಎಂದ. ಆಯುಧಪೂಜೆಯ ದಿನ ಡ್ರೈವರ್ ಪೈಪು ಹಿಡಿದು ಕಾರು ತೊಳೆದಿದ್ದ. ಆಗ ಕಡ್ಡಿಯ ತೂತಿನಲ್ಲಿ ನೀರು ಬಿಟ್ಟಿದ್ದಾನೆ, ಇನ್ನೇನು? ಅಪ್ಪನ ಕಾಲದ ರೇಡಿಯೇಟರ್ ಒಂದು ದಿನ ಕುದಿದದ್ದಿಲ್ಲ, ಒಂದು ತೊಟ್ಟು ಸೋರಿದ್ದಿಲ್ಲ. ಅದರ ಮೇಲೆ ಕೈಯಿಟ್ಟರೆ ಕೈ ಮುರಿದೇನು. ಗೇರ್‌ಬಾಕ್ಸ್ ಬದಲಾಯಿಸು, ಅಷ್ಟೇ.

ಡ್ರೈವರ್ ತಾನು ಕಾರಿನ ಹೊರಮೈ ಮಾತ್ರ ತೊಳೆದೆನೆಂದು ಹೇಳಲು ಬಂದ. ಅವನ ಮಾತನ್ನೂ ವರ್ತಕ ಮುಗಿಯಗೊಡಲಿಲ್ಲ. ಅಂದೇ ಅವನನ್ನು ಕೆಲಸದಿಂದ ತೆಗೆದುಹಾಕಿದ. ಮೇಸ್ತ್ರಿ ಬೇರೊಂದು ಗೇರ್‌ಬಾಕ್ಸ್ ಕೂರಿಸಿ, ಹಳೆಯದನ್ನು ಮೂಲೆಗೆ ಹಾಕಿದ.

ಇಲ್ಲಿ ಸರ್ವಮಂಗಳಮ್ಮ ತಡೆಯಲಾರದೆ ಕೇಳಿದಳು, “ರೇಡಿಯೇಟರ್ ಇರುವುದು ಇಂಜಿನ್ನಿಗಲ್ಲವೇ? ಅದಕ್ಕೂ ಗೇರ್‌ಬಾಕ್ಸಿಗೂ ಏನು ಸಂಬಂಧ?”

ಒಳ್ಳೆಯದನ್ನೇ ಕೇಳಿದಿರಿ ಎಂದು ಗುರುಗಳು ಬಿಡಿಸಿ ಹೇಳಿದರು. ಅಂಥ ಕಾರಿನಲ್ಲಿ ಗೇರ್‌ಬಾಕ್ಸಿನ ಎಣ್ಣೆಯೂ ತಣ್ಣಗಾಗಲು ರೇಡಿಯೇಟರಿಗೇ ಹೋಗಿ ಬರುತ್ತದೆ. ರೇಡಿಯೇಟರಿನ ಹೊಟ್ಟೆಯಲ್ಲಿ ಒಂದು ಕೊಳವೆಯಿದೆ. ಕೊಳವೆಯ ಒಳಗೆ ಎಣ್ಣೆ, ಹೊರಗೆ ನೀರು. ನಡುವೆ ತೆಳ್ಳಗಿನ ಗೋಡೆ. ಆ ಗೋಡೆ ಒಳಗೊಳಗೇ ತೂತಾದರೆ ಕಾರು ಓಡುವಾಗ ಎಣ್ಣೆ ನೀರಿಗೆ ಹೋಗುತ್ತದೆ, ನಿಂತಾಗ ನೀರು ಎಣ್ಣೆಗೆ ಬರುತ್ತದೆ. ಹೊರಗೆ ಒಂದು ತೊಟ್ಟೂ ಸೋರುವುದಿಲ್ಲ. ಉಜ್ಜಿದರೆ ಹಿತ್ತಾಳೆ ಮೊದಲಿನ ಹಾಗೇ ಹೊಳೆಯುತ್ತದೆ. ಕೊಳವೆಯ ಒಂದು ಬಾಯಿ ಮುಚ್ಚಿ ಇನ್ನೊಂದರಿಂದ ಗಾಳಿ ಹೊಡೆದರೆ ಸಾಕು. ತೂತಿದ್ದರೆ ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಏಳುತ್ತದೆ. ಊಟದ ಹೊತ್ತಿನೊಳಗೆ ಮುಗಿಯುವ ಕೆಲಸ. ವರ್ತಕ ಅಷ್ಟಕ್ಕೂ ಒಪ್ಪಿರಲಿಲ್ಲ.

ಎರಡನೆಯ ಗೇರ್‌ಬಾಕ್ಸ್ ಸ್ವಲ್ಪ ಕಾಲ ಬೆಣ್ಣೆಯ ಹಾಗೆ ಓಡಿತು. ವರ್ತಕ ಕಂಡವರಿಗೆಲ್ಲ, ದೋಷ ಎಲ್ಲಿತ್ತೆಂದು ನಾನು ಹೇಳಿರಲಿಲ್ಲವೇ ಎಂದು ಹೇಳಿಕೊಂಡು ತಿರುಗಿದ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಕಾರು ಮತ್ತೆ ಕಿವುಡಾಯಿತು. ಮತ್ತೆ ಅದೇ ಗುದ್ದು. ಕಡ್ಡಿ ಎಳೆದರೆ ಮತ್ತೆ ಹಾಲಿಗೆ ಕದಡಿದ ಕುಂಕುಮ.

ಈ ಸಲ ಬೈಯಲು ಡ್ರೈವರ್ ಇರಲಿಲ್ಲ. ಆದ್ದರಿಂದ ವರ್ತಕ ಗೇರ್‌ಬಾಕ್ಸನ್ನೇ ಬೈದ. ಇದನ್ನು ತಂದ ಜಾಗವೇ ಸರಿಯಿಲ್ಲ, ಇದರ ಹುಟ್ಟೇ ಹೀಗೆ ಎಂದ. ಮೇಸ್ತ್ರಿ ರೇಡಿಯೇಟರಿನ ಮುಚ್ಚಳ ತೆಗೆದು, ನೀರಿನ ಮೇಲೆ ತೇಲುತ್ತಿದ್ದ ಎಣ್ಣೆಯ ಜಿಡ್ಡನ್ನು ಬೆರಳಲ್ಲಿ ತೆಗೆದು ತೋರಿಸಿದ. ವರ್ತಕ ಮುಖ ತಿರುಗಿಸಿ ಮುಚ್ಚಳ ಹಾಕು ಎಂದ. ಮೇಸ್ತ್ರಿ ಹಾಕಿದ. ಕೇಳದವನಿಗೆ ಹೇಳಿ ಗಿರಾಕಿಯನ್ನು ಕಳೆದುಕೊಳ್ಳುವುದಕ್ಕೆ ಅವನೇನು ಸಂತನೇ? ಬೇರೆ ಗೇರ್‌ಬಾಕ್ಸ್ ಹುಡುಕಿಡುತ್ತೇನೆ, ಅಲ್ಲಿಯವರೆಗೆ ಹೀಗೇ ಓಡಿಸಿ ಎಂದು ಕಳಿಸಿಕೊಟ್ಟ.

ವರ್ತಕ ಹಾಗೇ ಓಡಿಸಿದ. ಒಂದು ಮಧ್ಯಾಹ್ನ ಘಾಟಿಯ ಏರಿನಲ್ಲಿ ಕಾರು ನಿಂತೇಬಿಟ್ಟಿತು. ಎಷ್ಟು ಕೂಗಿಸಿದರೂ ಒಂದು ಮೊಳ ಮುಂದೆ ಹೋಗಲಿಲ್ಲ. ಹಿಂದೆ ಬಂದವರು ಬೈದು ದಾಟಿಕೊಂಡು ಹೋದರು. ಆಗ ಅವನ ಕಾರಿನ ಹಾಗೆಯೇ ಇದ್ದ, ಬಣ್ಣ ಹೋದ ಕಾರೊಂದು ಕೆಳಗಿನಿಂದ ಬಂದು ಪಕ್ಕದಲ್ಲಿ ನಿಂತಿತು. ಓಡಿಸುತ್ತಿದ್ದವನು ವರ್ತಕ ಕೆಲಸ ಬಿಡಿಸಿದ್ದ ಡ್ರೈವರ್. ಬಾಡಿಗೆಗೆ ಓಡಿಸಲೆಂದು, ಯಾರೋ ಬೇಡವೆಂದು ಬಿಟ್ಟ ಕಾರನ್ನು ಕೊಂಡು ಸರಿಮಾಡಿಸಿಕೊಂಡಿದ್ದ. ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ, ಹತ್ತಿ ಯಜಮಾನರೇ, ಮೇಲಿನವರೆಗೆ ಬಿಡುತ್ತೇನೆ ಎಂದ.

ವರ್ತಕ ಹತ್ತಿದ. ಆ ಕಾರು ಜಗ್ಗಲಿಲ್ಲ, ಕೂಗಲಿಲ್ಲ. ಒಂದು ಗೇರಿನಿಂದ ಇನ್ನೊಂದಕ್ಕೆ ಹೋದದ್ದೂ ತಿಳಿಯದಂತೆ ತಿರುವುಗಳನ್ನು ಹತ್ತಿತು. ವರ್ತಕನಿಗೆ ಹೊಟ್ಟೆ ಉರಿಯಿತು. ಇಷ್ಟು ಒಳ್ಳೆಯ ಗೇರ್‌ಬಾಕ್ಸ್ ನಿನಗೆ ಎಲ್ಲಿ ಸಿಕ್ಕಿತು ಎಂದು ಕೇಳಿದ.

“ನಿಮ್ಮದೇ, ಯಜಮಾನರೇ. ನೀವು ಮೊದಲು ತೆಗೆಸಿ ಹಾಕಿದ್ದು. ಮೇಸ್ತ್ರಿ ತೊಳೆದು, ಪ್ಲೇಟು ಹೊಸದು ಹಾಕಿಕೊಟ್ಟ. ನನ್ನ ರೇಡಿಯೇಟರಿನಲ್ಲಿ ತೂತಿಲ್ಲ.”

ಗುರುಗಳು ಕತೆಯನ್ನು ಅಲ್ಲಿಗೇ ಬಿಟ್ಟರು. ಕಾಯುವುದು ಸರ್ವಮಂಗಳಮ್ಮನ ಸ್ವಭಾವವಲ್ಲ.

ಆಮೇಲಾದರೂ ರೇಡಿಯೇಟರ್ ಬಿಚ್ಚಿಸಿದನೇ ಎಂದು ಕೇಳಿದಳು. ಇಲ್ಲ ಎಂದರು ಗುರುಗಳು. ಘಾಟಿಯ ಮೇಲೆ ಇಳಿದವನು ಮೊದಲು ಕೇಳಿದ್ದು, ಮೂರನೆಯ ಗೇರ್‌ಬಾಕ್ಸ್ ಎಲ್ಲಿ ಸಿಗುತ್ತದೆ ಎಂದು. ದೂರದ ಊರಿನಲ್ಲಿ ಒಂದು ಇದೆಯೆಂದು ಗೊತ್ತಾಗಿದೆಯಂತೆ. ಕೊಡುವವನಿಗೆ ಇವನ ಕಾರಿನ ಸಂಗತಿ ತಿಳಿಯದು. ಕೇಳಲು ಜನರನ್ನು ಕಳಿಸಿದ್ದಾನೆ.

ಸರ್ವಮಂಗಳಮ್ಮ ನಕ್ಕುಬಿಟ್ಟಳು. ಅವಳಿಗೆ ನಿಜಕ್ಕೂ ನಗು ಬಂದಿತ್ತು. ಇಂಥ ದಡ್ಡನೂ ವ್ಯಾಪಾರ ಮಾಡಿ ಬದುಕುತ್ತಾನಲ್ಲ ಎಂದಳು. ಹಿತ್ತಾಳೆಗೆ ಹೂವಿಡುವ ಕೈಯಲ್ಲಿ ಒಮ್ಮೆ ಗಾಳಿ ಹೊಡೆಸಿ ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆ ಡ್ರೈವರ್ ಪಾಪದವನು, ಮಾಡದ ತಪ್ಪಿಗೆ ಬೀದಿಗೆ ಬಿದ್ದ. ಅವನ ಶಾಪ ತಟ್ಟದೆ ಇರುತ್ತದೆಯೇ?

ಇಷ್ಟಕ್ಕೆ ನಿಲ್ಲಿಸಿದ್ದರೆ ಅವಳು ಉಳಿದುಕೊಳ್ಳುತ್ತಿದ್ದಳೋ ಏನೋ. ಬಾಯಿ ನಿಲ್ಲಲಿಲ್ಲ.

“ಅವನು ಕುರುಡನಾದರೆ ಆಗಲಿ, ಬುದ್ಧಿ. ಮೂರನೆಯದನ್ನು ಕೊಡುವವನಿಗಾದರೂ ಯಾರಾದರೂ ಒಂದು ಮಾತು ಹೇಳಬೇಡವೇ? ತಿಳಿದವರು ಸುಮ್ಮನಿದ್ದರೆ ಅದೂ ಪಾಪವೇ.”

ಹೊರಗೆ ಮತ್ತೆ ಹಾರನ್ನು ಕೇಳಿಸಿತು. ಈ ಸಲ ಮಗ ಉದ್ದಕ್ಕೆ ಒತ್ತಿದ. ಸರ್ವಮಂಗಳಮ್ಮ ಏಳಲು ಹೊರಟು ನೆಲಕ್ಕೆ ಕೈಯೂರಿದಳು. ಅಂಗೈ ಅಂಟಿಕೊಂಡಿತು. ಇಷ್ಟು ಹೊತ್ತು ಮುಷ್ಟಿಯಲ್ಲಿ ಹಿಡಿದಿದ್ದ ಕಲ್ಲುಸಕ್ಕರೆ ಬೆವರಿಗೆ ಕರಗತೊಡಗಿತ್ತು. ಎಲ್ಲಿ ಒರೆಸಿಕೊಳ್ಳಲಿ ಎಂದು ಅವಳು ಸೆರಗು ಹುಡುಕುತ್ತಿರುವಾಗ ಗುರುಗಳು ಒಂದು ಮಾತು ಕೇಳಿದರು.

“ನಿಮ್ಮ ಕೈಯಲ್ಲಿರುವುದು ದಾಕ್ಷಾಯಣಿಯ ಮಗುವಿಗೆ ಹೆಸರಿಟ್ಟ ಸಕ್ಕರೆ, ಈಗ ಆ ಹುಡುಗಿಯ ತಂದೆಗೆ ನಾನು ಏನೆಂದು ಹೇಳಿ ಕಳಿಸಲಿ, ತಾಯಿ?”