ಟಿಟ್ಟಿಭದ ಮೊಟ್ಟೆಗೆ ಕಾವಲು

ಶಿಷ್ಯ ಮುರಿಗಯ್ಯ ಕೇಳಿದ: “ಗುರುಗಳೇ, ಊರಿನವರಿಗೆ ನೆರವಾಗಲೆಂದು ನಾನು ಮನೆಮನೆಗೂ ಹೋಗುತ್ತೇನೆ. ಕೇಳದಿದ್ದರೂ ಕೆಲಸಕ್ಕೆ ಕೈ ಹಾಕುತ್ತೇನೆ. ಆದರೆ ನನ್ನನ್ನು ಕಂಡರೆ ಸಾಕು, ಅವರು ಮುಖ ತಿರುಗಿಸುತ್ತಾರೆ. ಒಳ್ಳೆಯದು ಮಾಡುವವನ ಮೇಲೆ ಯಾಕೆ ಈ ಸಿಟ್ಟು?”

ಗುರುಗಳು ನಕ್ಕರು. “ಕೂತುಕೋ. ನಿನ್ನಷ್ಟೇ ಒಳ್ಳೆಯ ಮನಸ್ಸಿನವನು, ನಿನ್ನಷ್ಟೇ ಅವಸರದವನು ಒಬ್ಬ ರೈತನಿದ್ದ” ಎಂದು ಕತೆ ಶುರುಮಾಡಿದರು.

ಆ ರೈತನ ಮನೆ ಕೆರೆಯ ಅಂಚಿನಲ್ಲಿತ್ತು. ಬೇಸಿಗೆಯಲ್ಲಿ ಅವನಿಗೆ ಹೊಲದ ಕೆಲಸ ಕಡಿಮೆ. ಜಗುಲಿಯ ಮೇಲೆ ಕೂತು ಕೆರೆಗೆ ಬರುವ ಹಕ್ಕಿಗಳನ್ನು ನೋಡುತ್ತಿದ್ದ. ಬೆಳ್ಳಕ್ಕಿ ಹೊಂಚುಹಾಕುವುದು, ಮಿಂಚುಳ್ಳಿ ನೀರಿಗೆ ಬೀಳುವುದು, ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದು ಎಲ್ಲವೂ ಅವನಿಗೆ ಬೇಕು. ‘ನಿಮ್ಮನ್ನ ಆ ಕೆರೆಗೇ ಕೊಟ್ಟು ಮದುವೆ ಮಾಡಬೇಕಿತ್ತು’ ಎಂದು ಹೆಂಡತಿ ಛೇಡಿಸುತ್ತಿದ್ದಳು. ಅವನು ಸುಖವಾಗಿದ್ದ.

ಒಂದು ಬೇಸಿಗೆ, ನೀರು ಹಿಂದೆ ಸರಿದು ಬಯಲಾದ ಕಲ್ಲುನೆಲದಲ್ಲಿ ಟಿಟ್ಟಿಭವೊಂದು ಮೊಟ್ಟೆ ಇಟ್ಟಿತು. ಹಕ್ಕಿಯ ಗಾಬರಿ ಕಂಡೇ ರೈತನಿಗೆ ಇದು ತಿಳಿಯಿತು. ಟಿಟ್ಟಿಭ ಮರದಲ್ಲಿ ಗೂಡು ಕಟ್ಟುವುದಿಲ್ಲ. ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣವೂ ಕಲ್ಲಿನದೇ. ಸಂಜೆ ಊರಿನ ದನಗಳು ನೀರಿಗೆ ಇಳಿಯುವುದು ಅದೇ ಜಾಗದಲ್ಲಿ. ಒಂದು ಗೊರಸು ಬಿದ್ದರೆ ಮುಗಿಯಿತು. 

ಮೊಟ್ಟೆ ಹುಡುಕಿ ಸುತ್ತಲೂ ಬೇಲಿ ಹಾಕೋಣವೆಂದು ಅವನು ಮುಳ್ಳಿನ ಹೊರೆ ಹೊತ್ತು ಬಿಸಿಲಿಗೆ ಇಳಿದ. ಹಕ್ಕಿ ಹಾರಿ ಅರಚಿಕೊಂಡಿತು. ಅರಚುವ ಕಡೆಯೇ ಮೊಟ್ಟೆ ಇರಬೇಕೆಂದು ಅವನು ಅದರ ಹಿಂದೆ ಹೋದ. ಅದು ಇನ್ನಷ್ಟು ದೂರ ಹೋಗಿ ಅರಚಿತು. ಹೀಗೇ ಅವನನ್ನು ಕೆರೆಯ ಆ ತುದಿಯ ತನಕ ಕರೆದೊಯ್ದಿತು. ಮಧ್ಯಾಹ್ನವಾದರೂ ಮೊಟ್ಟೆ ಸಿಗಲಿಲ್ಲ. ‘ನಿನ್ನ ಒಳ್ಳೇದಕ್ಕೇ ಬಂದಿದೀನಿ ಕಣೇ, ಬಾಯಿ ಮುಚ್ಚು’ ಎಂದು ಹಕ್ಕಿಗೇ ಗದರಿದ.

ಹೆಂಡತಿ ಜಗುಲಿಯಿಂದ ಕೂಗಿದಳು: ‘ಮೊದಲು ಮೇಲೆ ಬನ್ನಿ. ನೀವು ಅಲ್ಲಿರೋ ತನಕ ಅದು ಮೊಟ್ಟೆ ಹತ್ರ ಹೋಗಲ್ಲ. ದನ ತುಳಿಯೋದು ಸಂಜೆಗೆ. ಬಿಸಿಲಿಗೆ ಮೊಟ್ಟೆಗಳು ಈಗಲೇ ಬೆಂದುಹೋಗ್ತವೆ.’

ಪಾಪ, ಅವನ ಮುಖ ಸಪ್ಪಗಾಯಿತು. ಹೊರೆಯನ್ನು ಅಂಗಳಕ್ಕೆ ತಂದು ಹಾಕಿ ಜಗುಲಿಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಹಕ್ಕಿ ಸುಮ್ಮನಾಯಿತು. ನೀರಿಗೆ ಇಳಿದು ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡಿತು. ಸರಸರ ಓಡಿ ಬಂದು, ಅವನು ಬೆಳಿಗ್ಗೆ ದಾಟಿ ಹೋಗಿದ್ದ ಕಲ್ಲುಗಳ ನಡುವೆ, ಕಾದ ಮೊಟ್ಟೆಗಳ ಮೇಲೆ ಒದ್ದೆ ಹೊಟ್ಟೆ ಇಟ್ಟು ಕೂತಿತು. ರೈತ ಸಂತೋಷದಿಂದ ಎದ್ದು ನಿಂತ. ಹಕ್ಕಿಯೂ ಎದ್ದು ನಿಂತಿತು. ಅವನು ಮೆಲ್ಲಗೆ ಕೂತ. ಅದೂ ಕೂತಿತು.

ಮತ್ತೆ ಅವನು ಆ ಕಡೆ ಹೆಜ್ಜೆ ಇಡಲಿಲ್ಲ. ಸಂಜೆ ಏರಿಯ ಮೇಲಿಂದ ಸುತ್ತಿಕೊಂಡು ಹೋಗಿ, ದನ ಬರುವ ದಾರಿಯ ತಲೆಯಲ್ಲಿ ನಿಂತು, ಅವನ್ನು ಇನ್ನೊಂದು ದಡಕ್ಕೆ ತಿರುಗಿಸಿದ. ದನ ಕಾಯುವವರು ‘ಕೆರೆ ಏನು ನಿಮ್ಮಪ್ಪಂದಾ?’ ಎಂದು ರೇಗಿದರು. ಅವನು ಕೈಮುಗಿದು ನಕ್ಕ. ಮೊಟ್ಟೆ ಒಡೆಯುವ ತನಕ ದಿನವೂ ಹೋಗಿ ನಿಂತ. ಅಷ್ಟು ದೂರದಲ್ಲಿ ಅವನು ನಿಂತದ್ದು ಹಕ್ಕಿಯ ಕಣ್ಣಿಗೆ ಬೀಳಲೇ ಇಲ್ಲ.

ಒಂದು ಬೆಳಿಗ್ಗೆ ನೀರಿನ ಅಂಚಿನಲ್ಲಿ ಮರಿಗಳು ಓಡಾಡುತ್ತಿದ್ದವು. ಹತ್ತಿರದಿಂದ ನೋಡುವ ಆಸೆಗೆ ರೈತ ಅಂಗಳ ಇಳಿದ. ತಾಯಿಹಕ್ಕಿ ಹಾರಿ ಬಂದು, ಅವನ ತಲೆಯ ಮೇಲೇ ಸುತ್ತುತ್ತಾ, ಊರೆಲ್ಲ ಕೇಳುವ ಹಾಗೆ ಬೈಯಿತು. ಹೆಂಡತಿ ಬಿದ್ದು ಬಿದ್ದು ನಕ್ಕಳು. ರೈತನೂ ನಗುತ್ತಲೇ ಜಗುಲಿಗೆ ವಾಪಸಾದ. ಅವನ ಜೀವನದಲ್ಲೇ ಅಂಥ ಒಳ್ಳೆಯ ಬೇಸಿಗೆ ಇನ್ನೊಂದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುರಿಗಯ್ಯನಿಗೆ ಸಮಾಧಾನವಾಗಲಿಲ್ಲ.

“ಗುರುಗಳೇ, ಕಾಪಾಡಿದವನು ಇವನೇ ಎಂದು ಆ ಹಕ್ಕಿಗೆ ಕೊನೆಗಾದರೂ ಗೊತ್ತಾಯಿತೇ?”

“ಮರಿಗಳು ಓಡಾಡುತ್ತಿದ್ದವು ಎಂದೆನಲ್ಲ ಮುರಿಗಯ್ಯ, ನಿನಗೆ ಅಷ್ಟು ಸಾಲಲಿಲ್ಲವೇ?”